ಬಲಗಡೆಯಿಂದ ಯಾರೂ ಬರುವುದಿಲ್ಲ

ನಲವತ್ತಾರರ ಹೊತ್ತಿಗೆ ಜನ ಬಿ.ಪಿ., ಸೈಟು, ಮೊಣಕಾಲು ಅಂತ ಮಾತು ಶುರು ಮಾಡುತ್ತಾರೆ. ನಾನು ಗನ್ ಹಿಡಿದೆ. ಲ್ಯಾಪ್‌ಟಾಪ್‌ನಲ್ಲಿ. ತಪ್ಪು ನನ್ನದಲ್ಲ, ತುಮಕೂರಿನಲ್ಲಿರುವ ನನ್ನ ಅಣ್ಣನ ಮಗನದು. ದಸರಾ ರಜೆಗೆ ಬಂದವನು ನಮ್ಮ ಲ್ಯಾಪ್‌ಟಾಪಿಗೆ ವ್ಯಾಲೊರಂಟ್ ಎಂಬ ಆಟ ತುಂಬಿಸಿ, "ಚಿಕ್ಕಪ್ಪ, ಟೀಮಿಗೆ ಐದು ಜನ ಬೇಕು, ಒಬ್ಬ ಕಮ್ಮಿ ಇದಾನೆ. ಸುಮ್ನೆ ನಿಂತ್ಕೊಂಡಿರಿ, ಸಾಕು" ಅಂದ. ಮದುವೆಮನೆಯಲ್ಲಿ ಪಂಕ್ತಿಗೆ ಒಂದು ಎಲೆ ಉಳಿದಾಗ ದಾರೀಲಿ ಹೋಗುವವನನ್ನು ಎಳೆದು ಕೂರಿಸುತ್ತಾರಲ್ಲ, ಹಾಗೆ ಕೂತವನು ನಾನು. ರಜೆ ಮುಗಿಯಿತು, ಅವನು ಊರಿಗೆ ಹೋದ. ಎಲೆಯ ಮುಂದಿನಿಂದ ನಾನು ಇನ್ನೂ ಎದ್ದಿಲ್ಲ.

ಬೆಂಗಳೂರಿನ ಹನುಮಂತನಗರದ ನಮ್ಮ ಮನೆ ಎಷ್ಟು ವಿಶಾಲ ಅಂದರೆ, ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿದರೆ ಬಾಲ್ಕನಿಯಲ್ಲಿ ನಿಂತವರು ಸೀನುತ್ತಾರೆ. ರಾತ್ರಿ ಹತ್ತೂವರೆಗೆ ಲ್ಯಾಪ್‌ಟಾಪ್ ಸ್ಪೀಕರಿನಿಂದ ಮೊದಲ ಗುಂಡು ಹಾರಿದ ದಿನ ಅಮ್ಮ ತನ್ನ ಕೋಣೆಯಿಂದಲೇ "ಈ ಹೊತ್ನಲ್ಲಿ ಯಾರದೋ ಪಟಾಕಿ" ಅಂದಳು. ಎರಡನೇ ದಿನ, "ನಮ್ಮನೆ ಒಳಗೇ ಹೊಡೀತಿದಾರಲ್ಲೋ!" ಮೂರನೇ ದಿನ ಕೆಳಗಿನ ಮನೆಯ ಓನರು ಲುಂಗಿಯಲ್ಲೇ ಮೇಲೆ ಬಂದು, ಸಿಲಿಂಡರ್ ಗಿಲಿಂಡರ್ ಎಲ್ಲ ಸರಿಯಾಗಿದೆಯಾ ಅಂತ ಬಾಗಿಲಲ್ಲಿ ನಿಂತು ವಿಚಾರಿಸಿದರು. ಅವರು ಇಳಿದು ಹೋದ ಮೇಲೆ ನನ್ನ ಹೆಂಡತಿ ತೀರ್ಪು ಕೊಟ್ಟಳು: "ಹೆಡ್‌ಫೋನ್ ಹಾಕ್ಕೊಳ್ಳಿ. ಇಲ್ಲಾಂದ್ರೆ ಟೆರೇಸಿಗೆ ಹೋಗಿ."

ಹೆಡ್‌ಫೋನ್ ನನಗೂ ಬೇಕಾಗಿತ್ತು ಅನ್ನಿ. ಈ ಆಟದಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ. ಎದುರಾಳಿ ಓಡಿದರೆ ಹೆಜ್ಜೆ ಸಪ್ಪಳ ಕೇಳುತ್ತದೆ. ಶಿಫ್ಟ್ ಒತ್ತಿಕೊಂಡು ನಡೆದರೆ ಕೇಳದು, ಕಳ್ಳಬೆಕ್ಕಿನ ಥರ. ಹೆಜ್ಜೆ ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿದು ಆ ಕಡೆ ತಿರುಗಿ ನಿಂತವನು ಬದುಕಿದ. ನಾನು ಬದುಕಿದ್ದು ಕಮ್ಮಿ. ರ‍್ಯಾಂಕ್ ಪಟ್ಟಿಯಲ್ಲಿ ಬ್ರಾಂಜ್, ಸಿಲ್ವರ್, ಗೋಲ್ಡ್ ಅಂತ ಚಿನ್ನಾಭರಣದ ಅಂಗಡಿಯೇ ಇದೆ. ಎಲ್ಲಕ್ಕೂ ಕೆಳಗಿರುವುದು ಐರನ್. ನಾನು ಆ ಗುಜರಿಯಲ್ಲಿದ್ದೆ. "ರೈಟು ಚಿಕ್ಕಪ್ಪ! ರೈಟಲ್ಲಿ ಸ್ಟೆಪ್ಸು! ಕೇಳಿಸ್ತಿಲ್ವಾ?" ಅಂತ ತುಮಕೂರು ಕೂಗುತ್ತಿರುತ್ತಿತ್ತು. ನಾನು ಎಡಕ್ಕೆ ನೋಡುತ್ತಿರುತ್ತಿದ್ದೆ.

ಮೊದಲು, ಆಫೀಸಿನಲ್ಲಿ ಹತ್ತು ವರ್ಷ ಸವೆಸಿದ್ದಕ್ಕೆ ಕೊಟ್ಟಿದ್ದ ಬ್ಲೂಟೂತ್ ನೆಕ್‌ಬ್ಯಾಂಡ್ ಹಾಕಿಕೊಂಡೆ. ಬಿಟ್ಟಿ ಸಿಕ್ಕಿದ್ದನ್ನು ಬಿಟ್ಟು ಕಾಸು ಖರ್ಚು ಮಾಡಲು ನಾನೇನು ಅಕೌಂಟ್ಸ್ ಸೆಕ್ಷನ್ನಿನಲ್ಲಿ ಸುಮ್ಮನೆ ಕೂತಿದ್ದೇನೆಯೇ? ಆದರೆ ಬ್ಲೂಟೂತಿನಲ್ಲಿ ಶಬ್ದವನ್ನು ಕಂಪ್ಯೂಟರು ಮೊದಲು ಮಡಚಿ ಗಂಟು ಕಟ್ಟಬೇಕು, ಗಾಳಿಯಲ್ಲಿ ಎಸೆಯಬೇಕು, ಕಿವಿಯ ಹತ್ತಿರ ಇರುವುದು ಅದನ್ನು ಹಿಡಿದು ಗಂಟು ಬಿಚ್ಚಬೇಕು. ಇಷ್ಟಕ್ಕೆ ಸೆಕೆಂಡಿನ ಐದನೇ ಒಂದು ಭಾಗ ಹೋದರೂ ಹೋಯಿತು. ಹಾಡು ಕೇಳುವವನಿಗೆ ಇದು ಲೆಕ್ಕಕ್ಕೇ ಬಾರದು. ನನಗೆ ಮಾತ್ರ ನಾನು ಸತ್ತು ಬಿದ್ದ ಮೇಲೆ ನನ್ನನ್ನು ಕೊಂದ ಗುಂಡಿನ ಸದ್ದು ಬರುತ್ತಿತ್ತು, ತಿಥಿಗೆ ತಡವಾಗಿ ಬಂದ ನೆಂಟರ ಹಾಗೆ. ಇನ್ನು ಮಾತಾಡೋಣ ಅಂತ ಮೈಕ್ ಆನ್ ಮಾಡಿದರೆ ನೆಕ್‌ಬ್ಯಾಂಡ್ ಫೋನ್ ಕರೆಯ ಚಾಳಿಗೆ ಜಾರಿ, ಎಡ ಬಲ ಎಲ್ಲ ಒಂದಾಗಿ, ಇಡೀ ಯುದ್ಧ ಬಾವಿಯೊಳಗೆ ನಡೆದಂತೆ ಕೇಳುತ್ತಿತ್ತು. "ವೈರ್ ಇರೋದು ತಗೊಳ್ಳಿ ಚಿಕ್ಕಪ್ಪ" ಅಂದ ಹುಡುಗ. "ವೈರ್‌ಲೆಸ್ಸೇ ಬೇಕಂದ್ರೆ ಲ್ಯಾಪ್‌ಟಾಪಿಗೆ ಸಿಕ್ಕಿಸೋ ಯುಎಸ್‌ಬಿ ಡಾಂಗಲ್ ಜೊತೆ ಬರೋದು ಬರುತ್ತೆ, ಅದು ಲೇಟಾಗಲ್ಲ. ಆದ್ರೆ ರೇಟು ಕೇಳಬೇಡಿ."

ಕೇಳಲಿಲ್ಲ. ಬಜೆಟ್ 1,500 ರೂಪಾಯಿ ಅಂತ ಗೆರೆ ಎಳೆದು, ಎಕ್ಸೆಲ್ ಶೀಟ್ ತೆರೆದೆ. ಇಪ್ಪತ್ತಮೂರು ಹೆಡ್‌ಫೋನು, ಹನ್ನೊಂದು ಕಾಲಂ. ಮದುವೆಗೆ ಮುಂಚೆ ಹುಡುಗಿ ನೋಡಿದಾಗಲೂ ನಾನು ಇಷ್ಟು ವಿಚಾರಿಸಿರಲಿಲ್ಲ. (ಇದನ್ನು ಒಮ್ಮೆ ಬಾಯಿಬಿಟ್ಟು ಹೇಳಿದ್ದೆ. ಅವತ್ತು ಸಾರಿಗೆ ಉಪ್ಪಿರಲಿಲ್ಲ.) ಕೊಂಡವರ ಅಭಿಪ್ರಾಯಗಳನ್ನು ಓದುತ್ತಾ ಹತ್ತು ಸಂಜೆ ಕಳೆದೆ. ಒಬ್ಬರು "ಡೆಲಿವರಿ ಹುಡುಗ ತುಂಬಾ ಒಳ್ಳೆಯವನು" ಅಂತ ಐದು ಸ್ಟಾರ್ ಕೊಟ್ಟಿದ್ದರು. ಇನ್ನೊಬ್ಬರು "ಇನ್ನೂ ತೆರೆದಿಲ್ಲ, ಡಬ್ಬಿ ಚೆನ್ನಾಗಿದೆ" ಅಂತ ನಾಲ್ಕು. ಮತ್ತೊಬ್ಬರು ಒಂದೇ ಸ್ಟಾರ್ ಕೊಟ್ಟು, "ಎಮ್ಮೆ ಕಿವಿಗೆ ಮಾಡಿದ್ದು" ಅಂದಿದ್ದರು. ಆ ಒಬ್ಬರ ಮಾತು ಮಾತ್ರ ನನಗೆ ಅನುಭವದ ಮಾತು ಅನ್ನಿಸಿತು.

ಡಬ್ಬಿಗಳ ಮೇಲೆ ಬರೆದಿರುವುದೆಲ್ಲ ಒಂದೇ ಮಂತ್ರ. ಡ್ರೈವರ್ 50 ಎಂ.ಎಂ., ಅಂದರೆ ಒಳಗೆ ಅದುರುವ ತಟ್ಟೆಯ ಅಗಲ. ದೊಡ್ಡ ತಟ್ಟೆಯಲ್ಲಿ ಊಟ ಬಡಿಸಿದ ಮಾತ್ರಕ್ಕೆ ಅಡುಗೆ ರುಚಿಯಾಗುವುದಿಲ್ಲ ಅನ್ನುವುದು ಇಲ್ಲಿಗೂ ಸಲ್ಲುತ್ತದೆ, 40 ಎಂ.ಎಂ. ಇದ್ದೂ ಚೆನ್ನಾಗಿ ಹಾಡುವುವು ಇವೆ. ಆಮೇಲೆ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ ಅನ್ನುವ ಸಾಲು. ಹೆಡ್‌ಫೋನಿಗೆ ಬರಬಹುದು, ನನ್ನ ವಯಸ್ಸಿನವರಿಗೆ ಆ ಮೇಲಿನ ತುದಿ ಎಂದೋ ಕೈಬಿಟ್ಟಿರುತ್ತದೆ. ಮೂರನೆಯದು 7.1 ಸರೌಂಡ್. ಸಿನಿಮಾ ಥಿಯೇಟರಿನಂತೆ ಸುತ್ತ ಎಂಟು ಸ್ಪೀಕರ್ ಇಟ್ಟ ಹಾಗೆ ಎಂದು ಅರ್ಥ. ಬಿಚ್ಚಿ ನೋಡಿದರೆ ಒಳಗೆ ಎಡಕ್ಕೊಂದು, ಬಲಕ್ಕೊಂದು. ಉಳಿದ ಆರು ಸಾಫ್ಟ್‌ವೇರಿನಲ್ಲಿ.

ಹಾಗಂತ ಅದು ಪೂರ್ತಿ ಬೂಟಾಟಿಕೆಯೂ ಅಲ್ಲ. ದೇವರು ಕೊಟ್ಟಿರುವುದೂ ಎರಡೇ ಕಿವಿ ತಾನೆ? ಬಲಗಡೆ ನಿಂತ ಆಟೋ ಹಾರ್ನ್ ಹೊಡೆದರೆ ಬಲಗಿವಿಗೆ ಮೊದಲು, ಎಡಗಿವಿಗೆ ಒಂದು ಮಿಲಿಸೆಕೆಂಡಿಗಿಂತಲೂ ಕಮ್ಮಿ ತಡವಾಗಿ ಮುಟ್ಟುತ್ತದೆ. ನಡುವೆ ತಲೆ ಅಡ್ಡ ಇರುವುದರಿಂದ ಸ್ವಲ್ಪ ಸಣ್ಣಗೆ. ಇಷ್ಟೇ ಸಾಕ್ಷಿಯ ಮೇಲೆ ಮಿದುಳು ಆಟೋ ಎಲ್ಲಿದೆ ಅಂತ ತೀರ್ಮಾನ ಮಾಡಿಬಿಡುತ್ತದೆ. ಆಟದ ಸೆಟ್ಟಿಂಗ್ಸ್‌ನಲ್ಲೇ ಎಚ್‌ಆರ್‌ಟಿಎಫ್ ಅನ್ನುವ ಒಂದು ಆಯ್ಕೆ ಇದೆ. ಆನ್ ಮಾಡಿದರೆ ಯಾವ ಮಾಮೂಲಿ ಹೆಡ್‌ಫೋನಿಗೂ ಆ ಲೆಕ್ಕ ಹಾಕಿ ಸದ್ದು ಕಳಿಸುತ್ತದೆ. ಬಿಟ್ಟಿ. ಅದರ ಮೇಲೆ ಡಬ್ಬಿಯ 7.1 ಕೂಡ ಹಾಕಿದರೆ ಎರಡು ಜನ ಒಂದೇ ಸಾರಿಗೆ ಉಪ್ಪು ಹಾಕಿದಂತೆ. ಇದು ಗೊತ್ತಾಗುವಷ್ಟರಲ್ಲಿ ನಾನು 7.1ಕ್ಕೆ ದುಡ್ಡು ಕಟ್ಟಿಯಾಗಿತ್ತು.

3,999ನ್ನು ಹೊಡೆದುಹಾಕಿ 999 ಅಂತ ಹಾಕಿದ್ದರು. 3,999 ಕೊಟ್ಟು ಅದನ್ನು ಕೊಂಡ ಪುಣ್ಯಾತ್ಮನನ್ನು ದೇವರೂ ಕಂಡಿರಲಿಕ್ಕಿಲ್ಲ. ಬಂದ ದಿನ ಡಬ್ಬಿ ತೆರೆದರೆ ವೈರಿನ ತುದಿಯಲ್ಲಿ ಮೂರು ಪಿನ್ನು: ಒಂದು ಕೇಳಲು, ಒಂದು ಮಾತಾಡಲು, ಒಂದು ಯುಎಸ್‌ಬಿ. ನನ್ನ ಲ್ಯಾಪ್‌ಟಾಪಿಗೆ ಕೇಳಲು, ಮಾತಾಡಲು ಸೇರಿ ಇರುವುದು ಒಂದೇ ತೂತು. ಯುಎಸ್‌ಬಿ ಯಾತಕ್ಕೆ ಅಂದರೆ ದೀಪಕ್ಕೆ. ಎರಡೂ ಕಿವಿಯ ಮೇಲೆ ಕೆಂಪು, ಹಸಿರು, ನೀಲಿ ದೀಪ ಮಿನುಗುತ್ತವೆ, ಹಾಕಿಕೊಂಡವನಿಗೆ ಕಾಣುವುದಿಲ್ಲ. ಅಮ್ಮ ನೋಡಿ, "ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ ಯಾಕೋ ತಲೆ ಮೇಲೆ?" ಅಂದಳು.

ಎರಡು ಪಿನ್ನನ್ನು ಒಂದು ಮಾಡುವ ವೈ ಆಕಾರದ ಕನೆಕ್ಟರ್ ಸಿಗುತ್ತದೆ ಅಂತ ತಿಳಿದು, ನಮ್ಮ ಬೀದಿಯ ಮೊಬೈಲ್ ಅಂಗಡಿಯಿಂದ 120 ರೂಪಾಯಿಗೆ ತಂದೆ. ಮೈಕ್ ಕೆಲಸ ಮಾಡಲಿಲ್ಲ. ಒಂದು ಗಂಟೆ ಸಾಫ್ಟ್‌ವೇರ್ ಅಪ್‌ಡೇಟ್, ರೀಸ್ಟಾರ್ಟ್, ಶಾಪ ಎಲ್ಲ ಆದ ಮೇಲೆ ಗೊತ್ತಾಯಿತು, ನಾನು ತಂದದ್ದು ಇಬ್ಬರು ಜೊತೆಯಲ್ಲಿ ಕೂತು ಹಾಡು ಕೇಳುವ ವೈ. ಬಸ್ಸಿನಲ್ಲಿ ಪ್ರೇಮಿಗಳು ಬಳಸುವಂಥದ್ದು. ಪಿನ್ನಿನ ಮೇಲಿನ ಕಪ್ಪು ಉಂಗುರ ಎಣಿಸಬೇಕಂತೆ: ಎರಡಿದ್ದರೆ ಬರೀ ಕೇಳುವುದು, ಮೂರಿದ್ದರೆ ಕೇಳುವುದೂ ಮಾತಾಡುವುದೂ. ನನ್ನದರಲ್ಲಿ ಎರಡಿತ್ತು.

ಆದರೆ ನಿಜವಾದ ತಕರಾರು ಅದಲ್ಲ. ಬಲಗಡೆ ಸೌಂಡ್ ಕಮ್ಮಿ.

ವಾಪಸ್ ಹಾಕಿದೆ, ಬದಲಿ ಬಂತು. ಬಲಗಡೆ ಕಮ್ಮಿ. ಅದನ್ನೂ ವಾಪಸ್ ಮಾಡಿ, ದುಡ್ಡು ಹಿಂದೆ ಪಡೆದು, ಬೇರೆ ಕಂಪನಿಯದು 1,499ಕ್ಕೆ ತರಿಸಿದೆ. ಬಲಗಡೆ ಕಮ್ಮಿ! ಮೂರನೇ ಸಲ ಪಾರ್ಸೆಲ್ ಎತ್ತಿಕೊಂಡು ಹೋಗಲು ಬಂದ ಹುಡುಗ ನನ್ನನ್ನು ನೋಡಿದ ನೋಟದಲ್ಲಿ ಕನಿಕರ ಇತ್ತು. ಆ ಹೊತ್ತಿಗೆ ನನ್ನಲ್ಲಿ ಒಂದು ಸಿದ್ಧಾಂತ ಬೆಳೆದಿತ್ತು. ನೋಡಿ, ಹೆಡ್‌ಫೋನಿನ ವೈರ್ ಎಡಗಡೆಯಿಂದ ಒಳಗೆ ಹೋಗುತ್ತದೆ. ಬಲಗಡೆಗೆ ಅದು ತಲೆಯ ಮೇಲಿನ ಪಟ್ಟಿಯೊಳಗೆ ಹತ್ತಿ ಇಳಿಯಬೇಕು. ಕಾವೇರಿ ನೀರು ಬೀದಿಯ ಕೊನೆಯ ಮನೆಗೆ ಬರುವಷ್ಟರಲ್ಲಿ ಸಣ್ಣಗಾಗುವುದಿಲ್ಲವೆ, ಹಾಗೆ. ಅಗ್ಗದ ಕಂಪನಿಗಳು ಬಲಗಡೆಗೆ ಪ್ರೆಷರ್ ಕೊಡುವುದಿಲ್ಲ. ಇದನ್ನು ಆಫೀಸಿನಲ್ಲಿ ಊಟದ ಹೊತ್ತಿಗೆ ಮಂಡಿಸಿದೆ. ಒಪ್ಪದವರು ಯಾರೂ ಇರಲಿಲ್ಲ. ನಮ್ಮ ಕ್ಯಾಷಿಯರ್ ಅಂತೂ, "ಅದಕ್ಕೇ ಸಾರ್ ನನ್ನ ಇಯರ್‌ಫೋನೂ ಬಲಗಡೆಯೇ ಮೊದಲು ಹೋಗೋದು" ಅಂತ ಪುರಾವೆ ಒದಗಿಸಿದರು.

ಕಿವಿಗೆ ಹಾಕಿ ನೋಡದೆ ಇನ್ನು ಕೊಳ್ಳುವುದಿಲ್ಲ ಅಂತ, ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೊರಟೆ. ಮೊದಲ ಸಲ ಹೋಗಿದ್ದು ಭಾನುವಾರ. ಸಾಲು ಸಾಲು ಶಟರ್ ನೋಡಿ, ಮಾರ್ಕೆಟ್ಟಿನಲ್ಲಿ ಎರಡು ಕೇಜಿ ಅವರೆಕಾಯಿ ಕೊಂಡು ವಾಪಸ್ ಬಂದೆ. ಮುಂದಿನ ಶನಿವಾರ ಮತ್ತೆ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಮೆಟ್ರೊ ಹತ್ತಿ, ಮಾರ್ಕೆಟ್ಟಿನಲ್ಲಿ ಇಳಿದು ನಡೆದೆ. ಕೈಗಾಡಿ, ಟೆಂಪೋ, ತಲೆ ಮೇಲೆ ಮಾನಿಟರ್ ಹೊತ್ತವರು, ಅವರ ನಡುವೆ ಚಹಾದ ಲೋಟ ಬೀಳಿಸದೆ ಓಡುವ ಹುಡುಗರು. ಅಲ್ಲಿ ಅಂಗಡಿ ಅಂದರೆ ಬೀರುವಿಗೆ ಒಬ್ಬ ಮನುಷ್ಯನನ್ನು ಸೇರಿಸಿದ ಹಾಗೆ. ನಾನು ಹೊಕ್ಕ ಬೀರುವಿನಲ್ಲಿ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗನೊಬ್ಬ ಹಳೇ ಕೀಬೋರ್ಡನ್ನು ಬ್ರಷ್‌ನಲ್ಲಿ ಉಜ್ಜುತ್ತಾ ಕೂತಿದ್ದ. ಫೋನಿನಲ್ಲಿ ಯಾರ ಜೊತೆಗೋ ಮಾರವಾಡಿಯಲ್ಲಿ ಮಾತು, ಎದುರಿಗೆ ನಿಂತ ಗಿರಾಕಿಗೆ ತಮಿಳು, ನನ್ನ ಕಡೆ ತಿರುಗಿದಾಗ ಅಪ್ಪಟ ಚಿಕ್ಕಪೇಟೆ ಕನ್ನಡ.

"ಬಜೆಟ್ ಹೇಳಿ ಸಾರ್."

"ಸಾವಿರದೈನೂರು. ಬಲಗಡೆ ಸೌಂಡ್ ಸರಿಯಾಗಿ ಬರೋದು ಬೇಕು."

ಅವನು ಒಂದು ಕ್ಷಣ ಬ್ರಷ್ ನಿಲ್ಲಿಸಿದ. ಆಮೇಲೆ ಏನೂ ಅನ್ನದೆ ಒಂದು ಡಬ್ಬಿ ಇಳಿಸಿದ. ದೀಪ ಇಲ್ಲ, 7.1 ಇಲ್ಲ. "ಲೈಟಿಗೆ ಕೊಡೋ ದುಡ್ಡು ಮೈಕಿಗೆ ಹೋಗ್ಲಿ ಸಾರ್. ಕುಷನ್ ನೋಡಿ, ಬಟ್ಟೆ. ಆ ಕಡೆ ಇರೋದು ರೆಕ್ಸಿನ್ ಥರದ್ದು, ಮುಟ್ಟಕ್ಕೆ ಚೆನ್ನಾಗಿರುತ್ತೆ, ಬೆವರು ಕುಡಿದು ಕುಡಿದು ಸಿಪ್ಪೆ ಏಳುತ್ತೆ." ಈ ಸಿಪ್ಪೆ ನನಗೆ ಗೊತ್ತು. ಅಣ್ಣನ ಮಗ ನಮ್ಮ ಮನೆಯಲ್ಲಿದ್ದಾಗ ಅವನ ಕಿವಿ, ಕೆನ್ನೆ, ದಿಂಬು ಎಲ್ಲದರ ಮೇಲೂ ಕಪ್ಪು ಚೂರು ಅಂಟಿರುತ್ತಿತ್ತು. ಒಗ್ಗರಣೆಯ ಸಾಸಿವೆ ಹಾಸಿಗೆಗೆ ಹೇಗೆ ಬಂತು ಅಂತ ಅಮ್ಮ ಎರಡು ದಿನ ತಲೆ ಕೆಡಿಸಿಕೊಂಡಿದ್ದಳು.

ಹಾಕಿಕೊಂಡೆ. ಅವನು ತನ್ನ ಕಂಪ್ಯೂಟರಿನಲ್ಲಿ ಏನೋ ಹಾಡು ಹಚ್ಚಿದ. ನಾನು ಗೆದ್ದವನಂತೆ ನಕ್ಕೆ. "ನೋಡಪ್ಪಾ, ಇದರಲ್ಲೂ ಬಲಗಡೆ ಕಮ್ಮಿ. ಎಲ್ಲಾ ಕಂಪನೀದೂ ಇದೇ ಕಥೆ." ಕಾವೇರಿ ನೀರಿನ ಸಿದ್ಧಾಂತವನ್ನು ಅವನಿಗೂ ಬಿಡಿಸಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ, "ಸಾರ್, ಒಂದ್ಸಲ ಉಲ್ಟಾ ಹಾಕ್ಕೊಳ್ಳಿ" ಅಂದ.

"ಉಲ್ಟಾ ಅಂದ್ರೆ?"

"ಎಡಗಡೇದು ಬಲಕ್ಕೆ, ಬಲಗಡೇದು ಎಡಕ್ಕೆ. ಈಗ ಯಾವ ಕಡೆ ಕಮ್ಮಿ?"

ತಿರುಗಿಸಿ ಹಾಕಿಕೊಂಡೆ. ಕಣ್ಣು ಮುಚ್ಚಿದೆ. ತೆರೆದೆ. ಮತ್ತೆ ಮುಚ್ಚಿದೆ. ತಮಿಳಿನ ಗಿರಾಕಿಯೂ ವ್ಯಾಪಾರ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ.

"ಬಲಗಡೆ" ಅಂದೆ.

"ಹೆಡ್‌ಫೋನ್ ಚೆನ್ನಾಗಿದೆ ಸಾರ್" ಅಂದ ಹುಡುಗ, ಮತ್ತೆ ಬ್ರಷ್ ಕೈಗೆ ತೆಗೆದುಕೊಂಡು. "ಕಿವಿಗೆ ನಮ್ಮಲ್ಲಿ ವಾರಂಟಿ ಇಲ್ಲ."

ಇಷ್ಟಾದ ಮೇಲೆ ಚೌಕಾಸಿ ಮಾಡಲು ನಾಲಗೆ ಏಳಲಿಲ್ಲ. 1,600 ಹೇಳಿದವನು ನನ್ನ ಮುಖ ನೋಡಿ ತಾನೇ 1,350ಕ್ಕೆ ಇಳಿದ. ಮೂರು ಉಂಗುರದ ಸರಿಯಾದ ವೈ ಒಂದನ್ನು ಸುಮ್ಮನೆ ಕೊಟ್ಟ. ಮೆಟ್ರೊದಲ್ಲಿ ವಾಪಸ್ ಬರುವಾಗ ಮೂರು ಸಲ ವಾಪಸ್ ಕಳಿಸಿದ ಆ ನಿರಪರಾಧಿಗಳ ನೆನಪಾಯಿತು. "ಬಲಗಡೆ ಸೌಂಡ್ ಕಮ್ಮಿ" ಎಂಬ ನನ್ನ ಚೀಟಿ ಅಂಟಿಸಿಕೊಂಡು ಯಾವುದೋ ಗೋಡೌನಿನಲ್ಲಿ ಬಿದ್ದಿರಬೇಕು, ಪಾಪ.

ಕಿವಿ ಡಾಕ್ಟರು ದುರ್ಬೀನಿನಂಥದ್ದನ್ನು ಹಾಕಿ ಇಣುಕಿ, "ಬಡ್ಸ್ ಹಾಕ್ತೀರಾ?" ಅಂತ ಕೇಳಿದರು. ಹಾಕುತ್ತೇನೆ, ದಿನಾ ಸ್ನಾನ ಆದ ಮೇಲೆ, ಅಂತ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. "ನೀವು ಕ್ಲೀನ್ ಮಾಡ್ತಿಲ್ಲ, ಉಪ್ಪಿನಕಾಯಿ ಭರಣಿಗೆ ಒತ್ತಿ ಒತ್ತಿ ತುಂಬ್ತಾರಲ್ಲ, ಹಾಗೆ ತುಂಬ್ತಿದೀರ" ಅಂದರು. ಗುಗ್ಗೆ ತಾನಾಗೇ ಹೊರಗೆ ಬರುವಂಥದ್ದು. ಬಡ್ಸ್ ಅದನ್ನು ಒಳಕ್ಕೆ ದೂಡುತ್ತದೆ. ಬಲಗಿವಿಗೆ ಕೇಳದೆ ನಾನು ವಾಲ್ಯೂಮ್ ಏರಿಸುತ್ತಿದ್ದುದಕ್ಕೆ ಎಡಗಿವಿ ದಂಡ ತೆರುತ್ತಿತ್ತು ಅನ್ನುವುದನ್ನೂ ಹೇಳಿದರು. 80 ಡೆಸಿಬಲ್‌ನಲ್ಲಾದರೆ ವಾರಕ್ಕೆ 40 ಗಂಟೆ ಕೇಳಬಹುದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಸದ್ದು ಏರಿದಂತೆ ಗಂಟೆಗಳು ಬಹಳ ಬೇಗ ಕರಗುತ್ತವೆ. ಐದು ದಿನ ಡ್ರಾಪ್ಸ್ ಹಾಕಿ ಮೆತ್ತಗಾದ ಮೇಲೆ ಬನ್ನಿ ಅಂದರು.

ಆ ಐದು ದಿನ ಕಿವಿಗೆ ಎಣ್ಣೆಯಂಥದ್ದು ಬಿಟ್ಟುಕೊಂಡು ಮಗ್ಗುಲಾಗಿ ಬಿದ್ದಿದ್ದಾಗ ಹೆಡ್‌ಫೋನಿಗೂ ಒಂದು ಚಿಕಿತ್ಸೆ ನಡೆಯಿತು. ಹೊಸದಾದ್ದರಿಂದ ತಲೆಯನ್ನು ಇಕ್ಕಳದಂತೆ ಹಿಡಿಯುತ್ತಿತ್ತು. ನನ್ನಂಥ ಕನ್ನಡಕದವರಿಗೆ ಇದು ದೊಡ್ಡ ಹಿಂಸೆ. ಕನ್ನಡಕದ ಕಡ್ಡಿ ಕಿವಿಯ ಮೇಲೆ ಒತ್ತಿ, ಅರ್ಧ ಗಂಟೆಯಲ್ಲಿ ಕಣ್ಣಲ್ಲಿ ನೀರು. ರಾತ್ರಿಯಿಡೀ ತಲೆಗಿಂತ ಸ್ವಲ್ಪ ಅಗಲದ ವಸ್ತುವಿಗೆ ತೊಡಿಸಿಟ್ಟರೆ ಹಿಡಿತ ಸಡಿಲಾಗುತ್ತದೆ. ಮನೆಯಲ್ಲೆಲ್ಲ ಅಳತೆ ಮಾಡಿ ನೋಡಿದೆ. ರಾಗಿ ಹಿಟ್ಟಿನ ಡಬ್ಬ ಹೇಳಿ ಮಾಡಿಸಿದಂತಿತ್ತು. ಬೆಳಗ್ಗೆ ಅಂಬಲಿ ಮಾಡಲು ಎದ್ದ ಅಮ್ಮ ಅಡುಗೆಮನೆಯಿಂದಲೇ ಕೂಗಿದಳು: "ಡಬ್ಬಕ್ಕೂ ಹಾಡು ಕೇಳಿಸ್ತಿದ್ದೀಯೇನೋ?"

ನನ್ನ ಮರ್ಯಾದೆ ಉಳಿಸಿಕೊಳ್ಳಲು ಚರಿತ್ರೆಯನ್ನು ಕರೆದೆ. ಹೆಡ್‌ಫೋನಿಗೂ ಅಡುಗೆಮನೆಗೂ ಹಳೇ ನಂಟು, 1910ರಲ್ಲಿ ಅಮೆರಿಕದ ನಥಾನಿಯೆಲ್ ಬಾಲ್ಡ್‌ವಿನ್ ಎಂಬಾತ ತನ್ನ ಅಡುಗೆಮನೆಯಲ್ಲೇ ಕೂತು ಹೆಡ್‌ಫೋನ್ ಜೋಡಿಸಿ ಅಲ್ಲಿನ ನೌಕಾಪಡೆಗೆ ಮಾರುತ್ತಿದ್ದ ಅಂತ ಹೇಳಿದೆ. ನನ್ನ ಹೆಂಡತಿ ಸೌಟು ಹಿಡಿದು ನಿಂತು ಕೇಳಿದಳು: "ಹಾಗಾದ್ರೆ ಅವನ ಹೆಂಡ್ತಿ ಸಾರು ಎಲ್ಲಿ ಮಾಡ್ತಿದ್ಲು?" ಚರಿತ್ರೆಯಲ್ಲಿ ಇದಕ್ಕೆ ಉತ್ತರ ಇದೆಯೋ ಏನೋ. ನಾನು ಡಬ್ಬದಿಂದ ಹೆಡ್‌ಫೋನ್ ಬಿಡಿಸಿಕೊಂಡು ಹೊರಟೆ.

ಆರನೇ ದಿನ ಡಾಕ್ಟರು ಬೆಚ್ಚಗಿನ ನೀರು ಚಿಮ್ಮಿಸಿದರು. ಏನೋ ಕಳಚಿತು. ಸ್ಟೀಲ್ ಟ್ರೇಯಲ್ಲಿ ಬಿದ್ದದ್ದು ಹುಣಸೆ ಹಣ್ಣಿನ ಬಣ್ಣ, ಕಡಲೆಬೀಜದ ಗಾತ್ರ. ಅದನ್ನು ನೋಡಿ ನನಗೆ ನಾಚಿಕೆಗಿಂತ ಅಚ್ಚರಿಯೇ ಹೆಚ್ಚಾಯಿತು. ಡ್ರಾಪ್ಸೂ ಸೇರಿ 800 ರೂಪಾಯಿ. ಎಕ್ಸೆಲ್ ಶೀಟಿನಲ್ಲಿ ಇಪ್ಪತ್ನಾಲ್ಕನೇ ಸಾಲು ಸೇರಿಸಬಹುದಿತ್ತು: ದೀಪವಿಲ್ಲ, ವೈರಿಲ್ಲ, ತಡವಿಲ್ಲ.

ಹೊರಗೆ ಕಾಲಿಟ್ಟೆ. ಬೆಂಗಳೂರು ಬಲಗಡೆಯಿಂದಲೂ ಇತ್ತು! ಹಾರ್ನು, ಎಳನೀರು ಕೊಚ್ಚುವ ಮಚ್ಚು, "ಹಳೇ ಪೇಪರ್, ಖಾಲಿ ಬಾಟ್ಲಿ"... ಮನೆಗೆ ಬಂದರೆ ಫ್ಯಾನ್ ಕಿಟಿಕಿಟಿ ಅನ್ನುತ್ತಿತ್ತು. ಯಾವಾಗಿನಿಂದ ಅಂತ ಕೇಳಿದರೆ "ಹೋದ ಯುಗಾದಿಯಿಂದ" ಅಂದಳು ಅಮ್ಮ.

ಅಂದು ರಾತ್ರಿ ಆಟಕ್ಕೆ ಕೂತೆ. ಮೈಕು ನಿಜಕ್ಕೂ ಚೆನ್ನಾಗಿತ್ತು. ಎಷ್ಟು ಚೆನ್ನಾಗಿ ಅಂದರೆ, ನಾನು ಕೂರುವುದು ಅಡುಗೆಮನೆ ಪಕ್ಕದ ಸಣ್ಣ ರೂಮಿನಲ್ಲಿ, "ಚಿಕ್ಕಪ್ಪ, ನಿಮ್ಮನೇಲಿ ಕುಕ್ಕರ್ ನಾಲ್ಕು ಕೂಗಾಯ್ತು, ಚಿಕ್ಕಮ್ಮಂಗೆ ಹೇಳಿ" ಅಂತ ತುಮಕೂರಿನಿಂದ ಎಚ್ಚರಿಕೆ ಬಂತು. ಆಮೇಲೆ ಅದು ಬಂತು. ಬಲಗಡೆ. ಟಪ್, ಟಪ್, ಟಪ್. ಎಷ್ಟು ಸ್ಪಷ್ಟ! ಗೋಡೆಯಾಚೆ, ಸ್ವಲ್ಪ ಹಿಂದೆ, ಓಡಿ ಬರುತ್ತಿದ್ದಾನೆ. ನಾನು ಬಲಕ್ಕೆ ತಿರುಗಿದೆ. ಅವನು ಬಂದ. ನಾನು ಅವನನ್ನು ನೋಡಿದೆ. ಅವನು ಹೊಡೆದ.

"ಈಗ ಕೇಳಿಸ್ತಾ ಚಿಕ್ಕಪ್ಪ?"

"ಕೇಳಿಸ್ತು."

"ಮತ್ತೆ?"

ಹಿಂದೆಲ್ಲ ಯಾರು ಹೊಡೆದರು ಅಂತ ಗೊತ್ತಾಗದೆ ಸಾಯುತ್ತಿದ್ದೆ. ಈಗ ಗೊತ್ತಾಗಿ ಸಾಯುತ್ತೇನೆ. ಐರನ್ನಿನಿಂದ ಮೇಲೇಳಿಲ್ಲ.

ನಿನ್ನೆ ಹೆಂಡತಿಯ ತಮ್ಮ ಶಿವಮೊಗ್ಗದಿಂದ ಫೋನ್ ಮಾಡಿದ್ದ. "ಭಾವ, ಸೋಮವಾರ ಬೆಳಗ್ಗೆ ಬರ್ತಿದೀನಿ. ಮೂರು ತಿಂಗಳ ಟ್ರೈನಿಂಗು. ಅಡುಗೆಮನೆ ಪಕ್ಕದ ರೂಮ್ ಬಿಟ್ಟುಕೊಡ್ತೀನಿ ಅಂದ್ರಂತೆ, ಅಕ್ಕ ಹೇಳಿದ್ಲು. ತುಂಬಾ ಥ್ಯಾಂಕ್ಸ್ ಭಾವ." ಬಲಗಿವಿಯಲ್ಲೇ ಕೇಳಿದೆ, ಒಂದಕ್ಷರವೂ ತಪ್ಪದೆ ಕೇಳಿಸಿತು.

ಹೆಂಡತಿಯನ್ನು ವಿಚಾರಿಸಿದೆ.

"ನಿಮ್ಮನ್ನ ಕೇಳೇ ಹೇಳಿದ್ದು. ಹೋದ ತಿಂಗಳು, ಊಟಕ್ಕೆ ಕೂತಾಗ. ನೀವು ಹ್ಞೂಂ ಅಂದ್ರಲ್ಲ."

ನಮ್ಮ ಊಟದ ಟೇಬಲ್ಲು ಮೂಲೆಗೆ ಅಂಟಿಕೊಂಡಿದೆ. ನನ್ನ ಕುರ್ಚಿಯ ಎಡಕ್ಕೆ ಗೋಡೆ. ಇನ್ನೂ ಏನೇನಕ್ಕೆ ಹ್ಞೂಂ ಅಂದಿದ್ದೇನೆ, ಒಂದು ಪಟ್ಟಿ ಕೊಡು, ಅಂತ ಕೇಳಿದೆ. ಮಿಕ್ಸಿ ಓಡುತ್ತಿತ್ತು. ಅವಳಿಗೆ ಕೇಳಿಸಲಿಲ್ಲವಂತೆ.